ದನದ ಡಾಕ್ಟರ್ ಗಾಡಿಗೆ ಲಾಕರ್ ಹಾಕಿದ್ದು

ಹೌಸಿಂಗ್ ಒಳಗೆ ಏನಿರುತ್ತದೆ ಎಂದು ಜನ್ಮದಲ್ಲಿ ಇಣುಕಿ ನೋಡದವರು, ಅದರೊಳಗೆ ಏನಿರಬೇಕು ಎಂದು ತೀರ್ಮಾನಿಸಲು ಸೇರಿದ್ದ ಸಭೆ ಅದು. ಮಾನ್ವಿಯ ಟ್ರಸ್ಟ್ ಆಫೀಸಿನಲ್ಲಿ, ಫ್ಯಾನಿನ ನೇರ ಕೆಳಗೆ, ಟ್ರಸ್ಟಿನ ಕಾರ್ಯದರ್ಶಿ ಕೂತಿದ್ದರು. ನಿವೃತ್ತ ಹೆಡ್‌ಮಾಸ್ತರು. ಹಣೆಯ ಮೇಲೆ ಅಂಗಾರ ಅಕ್ಷತೆ, ಕೈಯಲ್ಲಿ ಕಂಪ್ಯೂಟರಿನಿಂದ ತೆಗೆಸಿದ ಹಾಳೆಗಳ ಕಟ್ಟು. ಪಕ್ಕದಲ್ಲಿ ರಾಯಚೂರಿನ ಜೀಪ್ ಕ್ಲಬ್ಬಿನವನೊಬ್ಬ. ಅವನ ಜೀಪಿನ ಟೈರು ನನ್ನ ಸೊಂಟದೆತ್ತರ. ಆ ಟೈರುಗಳ ಸಂದಿನಲ್ಲಿ ನಾನು ಒಂದು ಹಿಡಿ ಮಣ್ಣನ್ನೂ ಕಂಡವನಲ್ಲ. ಎದುರಿಗೆ ದನದ ಡಾಕ್ಟರ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದವನು ಗಾಡಿಯ ಡ್ರೈವರ್, ಮಸರಕಲ್‌ನವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಆತನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ನಾನೂ ಕೊಡಿಸಲಿಲ್ಲ.

ನಾನು ರಾಯಚೂರಿನ ಗಂಜ್ ಹಿಂದಿನ ಶೆಡ್ಡಿನಲ್ಲಿ ಹೌಸಿಂಗ್ ಕೆಲಸ ಮಾತ್ರ ಮಾಡುವ ಮಿಸ್ತ್ರಿ. ಇಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ. ಹಿಂದಿನ ಎರಡು ಗಾಲಿಗಳ ನಡುವೆ ಇರುವ ಕಬ್ಬಿಣದ ಗುಂಡು ಡಬ್ಬಿಯೇ ಹೌಸಿಂಗ್; ಅದರ ಒಳಗಿರುವುದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಆ ಹೊಂದಾಣಿಕೆ ಮಾಡಿಕೊಡುವುದು ಅದರ ಕೆಲಸ. ಆದರೆ ಒಂದು ಗಾಲಿ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಇಂಜಿನ್ನಿನ ತಿರುಗುವಿಕೆಯೆಲ್ಲ ಆ ಸೋತ ಗಾಲಿಗೇ ಹೋಗುತ್ತದೆ. ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಂತು ನೋಡುತ್ತದೆ.

ಟ್ರಸ್ಟಿನ ಗಾಡಿಗೆ ಆಗುತ್ತಿದ್ದುದು ಅದೇ. ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಹೋಗಿ ದನ ಕುರಿಗಳಿಗೆ ಔಷಧ ಮಾಡುವ ಗಾಡಿ ಅದು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವಂಥದ್ದು. ಆದರೂ ಎರೆಮಣ್ಣಿನಲ್ಲಿ ಮುಂದೊಂದು, ಹಿಂದೊಂದು ಗಾಲಿ ಸುತ್ತತೊಡಗಿದರೆ ಕಥೆ ಮುಗಿಯಿತು. ಹಿಂದಿನ ಮಳೆಗಾಲದಲ್ಲಿ ಕರು ಅಡ್ಡ ಸಿಕ್ಕಿದ್ದ ಎಮ್ಮೆಯೊಂದು, ಗಾಡಿ ಹೊಲದಾಚೆ ಹೂತು ನಿಂತಿದ್ದಾಗಲೇ ಸತ್ತಿತು. ಡಾಕ್ಟರ್ ಚೀಲ ಹೊತ್ತು ಕೆಸರಿನಲ್ಲಿ ಓಡಿ ಮುಟ್ಟುವ ಹೊತ್ತಿಗೆ ಕರುವೂ ಇರಲಿಲ್ಲ. ಅದಾದ ಮೇಲೆ ಈ ಸಭೆ.

ಕಾರ್ಯದರ್ಶಿಗಳು ಶುದ್ಧಲೇಖನ ಹೇಳಿ ಬರೆಸುವ ದನಿಯಲ್ಲಿ ಶುರು ಮಾಡಿದರು. "ಮಿಸ್ತ್ರಿ, ಇದರಾಗ ನಾಕು ಥರಾ ಬರದಾರ. ಒಂದೊಂದೇ ಓದ್ತೀನಿ, ಕೇಳ್ರಿ."

"ಸರ್, ಓದೋದು ಬ್ಯಾಡ," ಅಂದ ಕ್ಲಬ್ಬಿನವ. "ನನ್ನ ಜೀಪಿಗೆ ಹಾಕಿಸೀನಿ ನೋಡ್ರಿ, ಆಟೋಮ್ಯಾಟಿಕ್ ಲಾಕರ್. ಆಕ್ಸಿಲರೇಟರ್ ಒತ್ತಿದ್ರ ಎರಡೂ ಗಾಲಿ ತಾವಾಗೇ ಕೂಡೇ ತಿರುಗ್ತಾವ. ಹಾಕಿ ಮರತು ಬಿಡದು. ಗಾಡಿ ಗ್ವಾಡಿ ಏರ್ತದ."

ಇವನು ಏರಿದ ಗೋಡೆ ಯಾವುದು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಕಾರ್ಯದರ್ಶಿಗಳು ಹಾಳೆ ಮಗುಚಿದರು. "ಒಬ್ರು ಹೇಳಿದ್ರು, ಒಳಗಿನ ಗೇರಿಗೆ ವೆಲ್ಡಿಂಗ್ ಹೊಡಸಿಬಿಟ್ರ ಇದೆಲ್ಲ ಏನೂ ಬೇಕಾಗಿಲ್ಲಂತ."

"ಎತ್ತಿನ ಬಂಡಿಗೂ ಎರಡು ಗಾಲಿ ಬ್ಯಾರೆ ಬ್ಯಾರೆ ತಿರುಗ್ತಾವ್ರೀ ಸರ್," ಅಂದೆ. "ವೆಲ್ಡಿಂಗ್ ಹೊಡದ್ರ ನಿಮ್ಮ ಗಾಡಿ ಬಂಡಿಗಿಂತ ಕಡಿಮಿ ಆಗ್ತದ."

ಡಾಕ್ಟರ್ ನಕ್ಕರು. ಆಮೇಲೆ ತಾವೂ ಒಂದು ಕೇಳಿದರು. "ಲಿಮಿಟೆಡ್ ಸ್ಲಿಪ್ ಹಾಕಿದ್ರ ಹ್ಯಾಂಗ್ರೀ? ಅದು ಮೆತ್ತಗ ಹಿಡೀತದ, ರೋಡಿನ್ಯಾಗೂ ತ್ರಾಸಿಲ್ಲ ಅಂತ ಓದೀನಿ."

"ಮೇಡಂ, ಅದು ಕಾರಿನವರಿಗ್ರೀ. ಗಾಲಿ ಗಾಳ್ಯಾಗ ನಿಂತ್ರ ಅರ್ಧ ಹಿಡೀತದ, ಅರ್ಧ ಬಿಡ್ತದ. ನೀವು ಅರ್ಧ ದಾರಿಗೆ ಹೋಗಿ ಬಂದ್ರ ಸಾಕೇನು?"

ಅವರು ನಗಲಿಲ್ಲ. ಉಳಿದದ್ದು ನಾಲ್ಕನೆಯದು: ಡ್ರೈವರ್ ಲಿವರ್ ಎಳೆದಾಗ ಮಾತ್ರ ಲಾಕ್ ಆಗುವಂಥದ್ದು. ಅದನ್ನು ನಾನು ಓದಲೂ ಬಿಡಲಿಲ್ಲ. ಇಪ್ಪತ್ತು ವರ್ಷ ಡ್ರೈವರುಗಳು ಕೆಡಿಸಿದ್ದನ್ನು ರಿಪೇರಿ ಮಾಡಿದವನು ನಾನು. ಇರುವ ಎರಡು ಗೇರ್ ಲಿವರನ್ನೇ ನೆಟ್ಟಗೆ ಬಳಸದ ಜಾತಿಯ ಕೈಗೆ ಮೂರನೆಯದು ಕೊಟ್ಟರೆ, ಲಾಕ್ ಹಾಕಿಕೊಂಡೇ ರಾಯಚೂರಿನ ತನಕ ಬಂದು ಆಕ್ಸಲ್ ಮುರಿದು, ‘ಸಪ್ಪಳ ಬರ್ತಿತ್ರೀ’ ಅನ್ನುತ್ತಾರೆ. ಕ್ಲಬ್ಬಿನವನ ಮಾತು ಒಪ್ಪುವುದು ನನಗೆ ಬೇವು ತಿಂದಂತಾಯಿತು. ಆದರೂ ಡ್ರೈವರನ ತಲೆ ಬೇಡದ ಸಾಮಾನು ಅದೊಂದೇ. ಆಟೋಮ್ಯಾಟಿಕ್ ಅಂದೆ.

ಆಗ ಬಾಗಿಲ ಕಡೆಯಿಂದ ಡ್ರೈವರ್ ಕೇಳಿದ. "ಕಾಲುವಿ ದಂಡಿ ಮ್ಯಾಲ ಅದು ಹ್ಯಾಂಗ ನಡೀತದ್ರೀ?"

"ಗಾಡಿ ನಡಸೋದು ನಿನ್ನ ಕೆಲಸ," ಅಂದೆ. "ಹೌಸಿಂಗ್ ನನ್ನ ಕೆಲಸ."

ಸಾಮಾನು ಬಂತು. ಡಿಫರೆನ್ಷಿಯಲ್‌ನ ಕವಚ, ಅಂದರೆ ಹಳೆಯ ಕೇಸಿನೊಳಗಿನ ಸಣ್ಣ ಗೇರುಗಳನ್ನು ತೆಗೆದು ಅದೇ ಜಾಗದಲ್ಲಿ ಇದನ್ನು ಕೂಡಿಸುವುದು. ಒಂದು ದಿನದ ಕೆಲಸ ಎಂದು ಕ್ಲಬ್ಬಿನವ ಹೇಳಿದ್ದ. ಅವನು ಮಾಡಿಸಿದ್ದನೇ ಹೊರತು ಮಾಡಿರಲಿಲ್ಲ. ಕೂಡಿಸಿ ಒಳಗಿನ ಎರಡು ಭಾಗದ ನಡುವಿನ ಸಂದು ಅಳೆದರೆ, ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಹಲ್ಲುಗಳು ಪೂರ್ತಿ ಕಚ್ಚದೆ ತುದಿಯಲ್ಲಿ ಹಿಡಿದರೆ ಒಂದು ತಿಂಗಳಲ್ಲಿ ಪುಡಿ. ಸವೆದದ್ದು ಹಳೆಯ ಕೇಸು. ಹುಡುಕಿ ಬೇರೆ ಕೇಸು ತಂದೆ. ಕೇಸು ಬದಲಾದರೆ ಅದಕ್ಕೆ ಬಿಗಿದ ದೊಡ್ಡ ಕ್ರೌನ್ ಗೇರಿನ ಲೆಕ್ಕವೆಲ್ಲ ಹೊಸದಾಗಿ ಶುರು. ಬೇರಿಂಗಿನ ಹಿಂದೆ ಕಾಗದದಂಥ ತಗಡು ಸೇರಿಸುವುದು, ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಡಿಲು, ನೋಡುವುದು, ಹಲ್ಲಿಗೆ ನೀಲಿ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆ ಎಂದು ನೋಡುವುದು, ಮತ್ತೆ ಬಿಚ್ಚುವುದು. ಗುರುತು ಹಲ್ಲಿನ ನಡುವೆ ಬೀಳಬೇಕು. ಐದನೆಯ ಸಲಕ್ಕೆ ಬಿತ್ತು. ಆ ನೀಲಿ ಗುರುತನ್ನು ನೋಡುತ್ತ ನಾನೊಬ್ಬನೇ ಚಹಾ ಕುಡಿದೆ. ನೋಡಿ ಮೆಚ್ಚುವ ಯೋಗ್ಯತೆಯವರು ಶೆಡ್ಡಿನಲ್ಲಿ ಮತ್ಯಾರೂ ಇರಲಿಲ್ಲ ಎಂಬುದು ಆಗಿನ ನನ್ನ ಅಭಿಪ್ರಾಯ.

ಡ್ರೈವರ್, ಕ್ಲಬ್ಬಿನವ, ನಾನು ಸೇರಿ ಕಲ್ಮಲದ ತನಕ ಓಡಿಸಿ ನೋಡಿದೆವು. ತಿರುವಿನಲ್ಲಿ ಹಿಂದಿನಿಂದ ಕಟಕಟ ಸಪ್ಪಳ. ಅದು ಅದರ ಗುಣ, ಇರುತ್ತದೆ. ರಸ್ತೆ ಪಕ್ಕದ ಹೊಲದ ಬದುವಿನ ಮೇಲೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುವಂತೆ ಗಾಡಿ ಅಡ್ಡ ಹಾಕಿಸಿ, ಮೇಲೆ ಹತ್ತಿಸು ಅಂದೆ. ಹಗ್ಗ ಕಟ್ಟಿ ಎಳೆದ ಹಾಗೆ ಮೇಲೆ ಬಂತು. ಕ್ಲಬ್ಬಿನವ ವಿಡಿಯೊ ಮಾಡಿದ. ಹಿಂದೆ ಹಾಡು ಹಾಕಿ ಊರಿಗೆಲ್ಲ ಕಳಿಸಿದ. ಡ್ರೈವರ್ ಮಾತ್ರ ಕೆಳಗಿಳಿದು, ಹಿಂದಿನ ಎರಡೂ ಟೈರು ಮಣ್ಣಿನಲ್ಲಿ ಬಿಟ್ಟ ಗುರುತನ್ನು ಬಗ್ಗಿ ನೋಡಿದ.

ಮೊದಲ ಜೋರು ಮಳೆಯಾದ ಮರುದಿನ, ನೀವೂ ಒಂದು ದಿನ ಜೊತೆಗೆ ಹೋಗಿ ಬರ್ರಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದರು. ಹೋದೆ. ಮುಂದೆ ಡ್ರೈವರ್ ಮತ್ತು ಡಾಕ್ಟರ್, ಹಿಂದೆ ಔಷಧದ ಪೆಟ್ಟಿಗೆಗಳ ಜೊತೆ ನಾನು. ದೇವದುರ್ಗ ದಾಟಿ ಮಸರಕಲ್ ಕಡೆಗೆ ಹೋಗುವಾಗ ಹೊಲಗಳ ನಡುವಿನ ದಾರಿ ಪೂರ್ತಿ ಕೊಚ್ಚೆ. ಗಾಡಿ ಹೂಳಲಿಲ್ಲ. ಎರಡು ಕಡೆ ಹೊಟ್ಟೆಯ ತನಕ ಕೆಸರಿತ್ತು, ದಾಟಿತು. ನಾನು ಹಿಂದಿನಿಂದ ಡ್ರೈವರನ ಹೆಗಲು ತಟ್ಟಿ, "ನೋಡಿದೇನು?" ಅಂದೆ.

ಅಲ್ಲಿಂದ ಮುಂದೆ ಕಾಲುವೆ ದಂಡೆ. ಒಂದು ಬದಿ ತುಂಬಿ ಹರಿಯುವ ನೀರು, ಇನ್ನೊಂದು ಬದಿ ಜಾಲಿ ಪೊದೆ, ನಡುವೆ ಒಂದೇ ಗಾಡಿ ಹಿಡಿಸುವಷ್ಟು ದಾರಿ. ಟ್ರ್ಯಾಕ್ಟರುಗಳು ಓಡಿ ಓಡಿ ದಾರಿ ನೀರಿನ ಕಡೆಗೆ ಇಳಿಜಾರಾಗಿತ್ತು. ಕೆಳಗೆ ಗಟ್ಟಿ ಗರಸು, ಮೇಲೆ ನಾಲ್ಕು ಬೆರಳು ನೆನೆದ ಎರೆಮಣ್ಣು. ಡ್ರೈವರ್ ಗೇರು ಇಳಿಸಿ ನಡಿಗೆಯ ವೇಗದಲ್ಲಿ ಹೊರಟ. ಸ್ವಲ್ಪ ಏರು ಬಂತು. ಆತ ಆಕ್ಸಿಲರೇಟರನ್ನು ಮುಟ್ಟಿದ ಅಷ್ಟೇ, ಒತ್ತಲೂ ಇಲ್ಲ. ಗಾಡಿಯ ಹಿಂಭಾಗ ತಟ್ಟನೆ ಪಕ್ಕಕ್ಕೆ ಹೋಯಿತು. ಬೆಣ್ಣೆಯ ಮೇಲೆ ಚಾಕು ಸರಿದಂತೆ, ಸಪ್ಪಳವಿಲ್ಲದೆ, ನೀರಿನ ಕಡೆಗೆ.

"ಬ್ರೇಕ್ ಹಿಡಿ!" ಎಂದು ನಾನು ಕೂಗಿದೆ.

ಆತ ಹಿಡಿಯಲಿಲ್ಲ. ಕಾಲು ಮೇಲೆತ್ತಿದ, ಹಿಂಭಾಗ ಜಾರುತ್ತಿದ್ದ ನೀರಿನ ಕಡೆಗೇ ಸ್ಟೇರಿಂಗನ್ನು ಒಂದಿಷ್ಟು ತಿರುಗಿಸಿದ. ಗಾಡಿ ನಿಂತಿತು. ನಿಂತಾಗ ಹಿಂದಿನ ಎಡಗಾಲಿ ದಂಡೆ ಬಿಟ್ಟು ಕೆಳಗೆ ಇಳಿದಿತ್ತು. ಹಿಂದಿನ ಬಾಗಿಲು ತಾನೇ ತೆರೆದುಕೊಂಡು ಲಸಿಕೆಯ ಥರ್ಮಾಕೋಲ್ ಪೆಟ್ಟಿಗೆ ನೀರಿಗೆ ಬಿತ್ತು. ನನ್ನ ಕಾಲು ಬಾಗಿಲ ಹೊರಗಿತ್ತು.

"ಮೇಡಂ, ನೀವು ನನ್ನ ಕಡಿಂದ ಇಳೀರಿ. ಮಿಸ್ತ್ರಿ, ಅಲುಗಾಡಬ್ಯಾಡ್ರಿ. ಮೇಡಂ ಇಳಿದ ಮ್ಯಾಲ ಮುಂದಕ್ಕ ಸರದು ಬರ್ರಿ." ಆತನ ದನಿ ಏರಲೇ ಇಲ್ಲ. ಎಲ್ಲರೂ ಇಳಿದ ಮೇಲೆ ತಾನು ಇಳಿದ. ಲಸಿಕೆಯ ಪೆಟ್ಟಿಗೆ ಕಾಲುವೆಯಲ್ಲಿ ಬಿಳಿ ಬಾತಿನ ಹಾಗೆ ತೇಲಿಹೋಗುವುದನ್ನು ಡಾಕ್ಟರ್ ನೋಡುತ್ತ ನಿಂತರು.

ಟ್ರ್ಯಾಕ್ಟರ್ ಬರುವ ತನಕ ಜಾಲಿಯ ನೆರಳಲ್ಲಿ ಕೂತೆವು. ಆಗಲೇ ಹೇಳಿದ್ದೆ ಎಂದು ಆತ ಅನ್ನಲಿಲ್ಲ. ಅಂದಿದ್ದರೆ ನನಗೆ ಸಲೀಸಾಗುತ್ತಿತ್ತು, ಜಗಳ ಆಡಬಹುದಿತ್ತು. "ಮೊದಲ ಹಿಂಗಾದಾಗ ಒಂದು ಗಾಲಿ ತಿರುಗ್ತಿತ್ರೀ," ಅಂದ. "ಇನ್ನೊಂದು ಸುಮ್ಮನ ನೆಲಾ ಹಿಡಕೊಂಡು ಇರ್ತಿತ್ತು. ಗಾಡಿ ಮುಂದ ಹೋಗ್ತಿದ್ದಿಲ್ಲ, ಆದ್ರ ಪಕ್ಕಕ್ಕೂ ಹೋಗ್ತಿದ್ದಿಲ್ಲ. ಈಗ ಎರಡೂ ಕೂಡೇ ಬಿಟ್ವು."

ನಾಲ್ಕು ಮಾತು. ತಿರುಗುವ ಟೈರಿಗೆ ಪಕ್ಕದ ಹಿಡಿತವೂ ಇರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಯೋಚಿಸಿರಲಿಲ್ಲ. ಕೆಲಸಕ್ಕೆ ಬಾರದ್ದು ಎಂದು ನಾನು ಲೆಕ್ಕದಿಂದ ತೆಗೆದುಹಾಕಿದ ಆ ನಿಂತ ಗಾಲಿಯೇ ಇಷ್ಟು ವರ್ಷ ಆ ದಂಡೆಯ ಮೇಲೆ ಗಾಡಿಯನ್ನು ಹಿಡಿದಿತ್ತು.

ಮರುದಿನ ಮಾನ್ವಿಯಿಂದ ಕರೆ ಬಂತು. ಕಾರ್ಯದರ್ಶಿಗಳು ಆಗಲೇ ಪತ್ರ ಬರೆಸಿ ಇಟ್ಟಿದ್ದರು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ, ಚಾಲಕನ ನಿರ್ಲಕ್ಷ್ಯವೇ ಕಾರಣ. ಕೆಳಗೆ ನನ್ನ ಸಹಿಗೆ ಜಾಗ. ಕ್ಲಬ್ಬಿನವ ಪಕ್ಕದಲ್ಲೇ ಇದ್ದ. "ಲಾಕರ್ ಇದ್ದ ಗಾಡಿ ನಡಸಾಕ ತಲಿ ಬೇಕ್ರೀ," ಅಂದ. "ಟ್ರ್ಯಾಕ್ಟರ್ ಹೊಡದವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದ."

"ಆತನ್ನ ಬಿಡಿಸಿ ಬ್ಯಾರೆ ಡ್ರೈವರ್ ನೋಡೋಣಂತ," ಅಂದರು ಕಾರ್ಯದರ್ಶಿಗಳು. "ನಿಮ್ಮ ಸಹಿ ಆದ್ರ ಕಮಿಟಿಗೆ ಇಡ್ತೀನಿ."

ಆ ಕ್ಷಣವೇ ಪತ್ರ ಹರಿದು ಎಸೆದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ನೋಡಿ ಹೇಳ್ತೀನ್ರಿ ಅಂದು ಎದ್ದು ಬಂದೆ. ಸಹಿ ಹಾಕಿದರೆ ನನ್ನ ಹೆಸರು ಉಳಿಯುತ್ತದೆ ಎಂಬ ಲೆಕ್ಕ ರಾಯಚೂರು ಮುಟ್ಟುವ ತನಕ ಬಸ್ಸಿನಲ್ಲಿ ನನ್ನ ಜೊತೆಗೇ ಕೂತಿತ್ತು. ಕಾರ್ಯದರ್ಶಿ, ಕ್ಲಬ್ಬಿನವ, ಆ ಇಬ್ಬರ ಬಗ್ಗೆ ನನಗಿದ್ದ ತಾತ್ಸಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕಿತ್ತು ಎಂಬುದೂ ಆ ಬಸ್ಸಿನಲ್ಲೇ ತಿಳಿಯಿತು. ಸಂತೋಷವಾಗಲಿಲ್ಲ.

ಎರಡು ದಿನ ಬಿಟ್ಟು ಡ್ರೈವರನಿಗೆ ಫೋನ್ ಮಾಡಿ ಗಾಡಿ ತರಿಸಿದೆ. ಯರಗೇರಾ ದಾರಿಯಲ್ಲಿ ನನಗೆ ಗೊತ್ತಿದ್ದವರ ಹೊಲದಲ್ಲಿ, ಕಾಲುವೆ ದಂಡೆಯಷ್ಟೇ ವಾಲಿದ ಒಂದು ಜಾಗ ಇತ್ತು. ಎರಡು ಟ್ಯಾಂಕರ್ ನೀರು ಬಿಟ್ಟು ನೆನೆಸಿದೆವು. ಗಾಡಿಯ ಹಿಂಭಾಗಕ್ಕೆ ಹಗ್ಗ ಕಟ್ಟಿ, ಮೇಲ್ಬದಿಯ ಬೇವಿನ ಮರಕ್ಕೆ ಸಡಿಲ ಬಿಟ್ಟು ಸುತ್ತಿದೆವು. ಆತ ನಡೆಸಿದ, ನಾನು ಗೂಟ ಹೊಡೆದು ಅಳೆದೆ. ಆಟೋಮ್ಯಾಟಿಕ್ ಲಾಕರಿನಲ್ಲಿ ಮೂರು ಸಲಕ್ಕೆ ಮೂರು ಸಲವೂ ಹಗ್ಗ ಬಿಗಿಯಾಗುವ ತನಕ ಜಾರಿತು. ಅಲ್ಲೇ ಜಾಕ್ ಕೊಟ್ಟು ಬಿಚ್ಚಿ ಹಳೆಯ ಗೇರು ಕೂಡಿಸಿದೆ. ಅರ್ಧ ದಿನ ಹಿಡಿಯಿತು. ಮತ್ತೆ ಮೂರು ಸಲ. ಗಾಲಿ ಸುತ್ತಿತು, ಗಾಡಿ ಮುಂದೆ ಹೋಗಲಿಲ್ಲ; ಪಕ್ಕಕ್ಕೆ ಒಂದು ಗೇಣೂ ಸರಿಯಲಿಲ್ಲ.

ಪತ್ರ ತೆಗೆದು ಅದರ ಬೆನ್ನಿಗೆ ಬರೆದೆ. ‘ಲಾಕರ್ ಆರಿಸಿದವನು ನಾನು. ಕಾಲುವೆ ದಂಡೆಗೆ ಅದು ತಪ್ಪು ಸಾಮಾನು. ಡ್ರೈವರ್ ಮೊದಲೇ ಕೇಳಿದ್ದ. ಆತ ಬ್ರೇಕ್ ಹಿಡಿದಿದ್ದರೆ ನಾಲ್ಕೂ ಗಾಲಿ ಜಾರಿ ಮೂವರೂ ನೀರಲ್ಲಿರುತ್ತಿದ್ದೆವು.’ ಸಹಿ ಅದರ ಕೆಳಗೆ ಹಾಕಿದೆ. ಕಾರ್ಯದರ್ಶಿಗಳು ಓದಿ, ಎರಡು ಅಕ್ಷರ ದೋಷ ತಿದ್ದಿ, ಕಡತದಲ್ಲಿಟ್ಟರು. ಡ್ರೈವರ್ ಉಳಿದ. ಕ್ಲಬ್ಬಿನವ ನನ್ನ ನಂಬರನ್ನು ತನ್ನ ಗುಂಪಿನಿಂದ ತೆಗೆದುಹಾಕಿದ. ಅವನಿಂದ ನನಗೆ ಆದ ಉಪಕಾರ ಅದೊಂದೇ.

ಈಗ ಹಾಕುವುದು ಏನನ್ನು? ಈ ಸಲ ಶೆಡ್ಡಿಗೆ ಡಾಕ್ಟರನ್ನೂ ಡ್ರೈವರನ್ನೂ ಕರೆದು ಕೂಡಿಸಿದೆ. ಡಾಕ್ಟರ್ ಮತ್ತೆ ಲಿಮಿಟೆಡ್ ಸ್ಲಿಪ್ ಮಾತೆತ್ತಿದರು, ನನ್ನ ಮುಖವನ್ನು ನೇರ ನೋಡಿಕೊಂಡೇ. ಅವರಿಗೆ ಆ ಹಕ್ಕಿತ್ತು. ಒಂದು ಹಳೆಯದನ್ನು ಬಿಚ್ಚಿ ಒಳಗಿನ ಪ್ಲೇಟುಗಳನ್ನು ಕೈಗೆ ಕೊಟ್ಟೆ.

"ಈ ಪ್ಲೇಟು ತಿಕ್ಕಾಡಿ ಎರಡು ಗಾಲಿನ ಕೂಡಸ್ತಾವ್ರೀ. ದಂಡಿ ಮ್ಯಾಲ ಆ ಆಟೋಮ್ಯಾಟಿಕ್‌ನಷ್ಟು ಜಾರಂಗಿಲ್ಲ, ನಿಮ್ಮ ಮಾತು ಖರೆ. ಆದ್ರ ಬಂಡಿ ಜಾಡಿನ್ಯಾಗ ಒಂದು ಗಾಲಿ ಮ್ಯಾಲೆದ್ರ ಇದರ ಹಿಡಿತ ಸಾಲಂಗಿಲ್ಲ. ಮತ್ತ ಪ್ಲೇಟು ಸವೀತಾವ. ಸವದದ್ದು ನಿಮಗ ಗೊತ್ತಾಗೋದು ಹೂತ ದಿವಸ."

"ಇದನ್ನ ಅವತ್ತೇ ಹಿಂಗ ಹೇಳಬಹುದಿತ್ತಲ್ರೀ," ಅಂದರು.

ಹೇಳಬಹುದಿತ್ತು.

ಉಳಿದದ್ದು ಲಿವರಿನದು. ಬೇಕಾದಾಗ ಎಳೆದರೆ ಎರಡು ಗಾಲಿ ಒಂದಾಗುತ್ತವೆ, ಬಿಟ್ಟರೆ ಮಾಮೂಲಿ. ಡ್ರೈವರನಿಗೆ ಕೇಳಿದೆ. "ಬಿಡೋದು ಮರತ್ರ?" ಅಂದ. ನಾನು ಡ್ರೈವರುಗಳ ಬಗ್ಗೆ ನೆನೆಸಿದ್ದನ್ನೇ ಆತ ತನ್ನ ಬಗ್ಗೆ ಕೇಳುತ್ತಿದ್ದ.

"ಕೆಂಪು ಲೈಟ್ ಹಾಕ್ತೀನಿ."

"ಬಿಸಿಲಾಗ ಲೈಟ್ ಕಾಣಂಗಿಲ್ರೀ. ಸಪ್ಪಳ ಆಗಬೇಕು. ತಲಿ ಕೆಡೋವಷ್ಟು ಸಪ್ಪಳ. ಆಗ ಬಿಡ್ತೀನಿ."

ಬಜರ್ ಹಾಕಿದೆ. ಲಾಕ್ ಇರುವಷ್ಟು ಹೊತ್ತು ಕಿರುಚುತ್ತದೆ. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಸಂಗತಿ.

ಈ ಸಾಮಾನಿಗೆ ಕೇಸೇ ಹೊಸದು, ಆದ್ದರಿಂದ ತಗಡು, ಡಯಲ್ ಗೇಜ್, ನೀಲಿ, ಎಲ್ಲ ಮತ್ತೊಮ್ಮೆ. ತೊಂದರೆ ಬಂದದ್ದು ಲಿವರಿನಿಂದ ಹೌಸಿಂಗಿಗೆ ಹೋಗುವ ಕೇಬಲಿನಲ್ಲಿ. ಗುಂಡಿಯಲ್ಲಿ ಗಾಡಿ ಎಗರಿದಾಗ ಹೌಸಿಂಗ್ ಕೆಳಗಿಳಿಯುತ್ತದೆ, ಕೇಬಲ್ ತಾನೇ ಎಳೆಯಲ್ಪಟ್ಟು ಲಾಕ್ ಅರೆಬರೆ ಕಚ್ಚುತ್ತದೆ. ಪರೀಕ್ಷೆಯಲ್ಲಿ ಒಮ್ಮೆ ಹಲ್ಲು ತುರಿದ ಸಪ್ಪಳ ಬಂತು, ಬಜರ್ ಅರೆಕ್ಷಣ ಕಿರುಚಿ ನಿಂತಿತು. ಬಜರ್ ಇಲ್ಲದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಕೇಬಲನ್ನು ಉದ್ದ ತೆಗೆದುಕೊಂಡು, ಚಾಸಿಗೆ ಕ್ಲ್ಯಾಂಪ್ ಮಾಡಿ, ಹೌಸಿಂಗ್ ತಲುಪುವ ಮುಂಚೆ ದೊಡ್ಡ ಸುತ್ತು ಬಿಟ್ಟೆ. ಆಮೇಲೆ ಎಷ್ಟು ಎಗರಿಸಿದರೂ ಕಚ್ಚಲಿಲ್ಲ.

ಮತ್ತೊಂದು ದೊಡ್ಡ ಮಳೆ ಬಿದ್ದ ಮೇಲೆ ಹೊರಟೆವು. ಈ ಸಲ ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಹೊಲದ ದಾರಿಯ ಗುಂಡಿಯಲ್ಲಿ ಡ್ರೈವರ್ ಲಿವರ್ ಎಳೆದ. ಬಜರ್ ಕಿರುಚಿತು, ಡಾಕ್ಟರ್ ಕಿವಿ ಮುಚ್ಚಿಕೊಂಡರು, ಗಾಡಿ ದಾಟಿತು. ದಂಡೆ ಏರುವ ಮುಂಚೆ ನಿಲ್ಲಿಸಿ ಲಾಕ್ ಬಿಟ್ಟ. ಬಜರ್ ನಿಂತಿತು. ಹಿಂದೆ ತಿರುಗಿ ಅಂದ, "ಇಳೀರಿ ಮಿಸ್ತ್ರಿ, ಮೇಡಂ ನೀವೂ. ನಡಕೊಂಡು ಬರ್ರಿ. ಭಾರ ಕಡಿಮಿ ಆಗಲಿ."

ಇಳಿದೆವು. ಆ ಏರಿನಲ್ಲಿ ನೀರಿನ ಕಡೆಯ ಗಾಲಿ ಸುತ್ತಿತು. ಈಚೆಯದು ಕದಲಲಿಲ್ಲ. ಆತ ಕಾಲು ತೆಗೆದು, ಒಂದು ಮಾರು ಹಿಂದೆ ಬಂದು, ಪೊದೆಯ ಕಡೆಗೆ ಒತ್ತಿಕೊಂಡು ಮತ್ತೆ ಹತ್ತಿಸಿದ. ಹೀಗೆ ನಾಲ್ಕು ಸಲ. ಗಾಡಿಯ ಹಿಂಭಾಗ ನೀರಿನ ಕಡೆ ಹೋಗಲಿಲ್ಲ. ನಿಧಾನಕ್ಕೆ, ಮರ್ಯಾದೆಯಿಂದ ದಾಟಿತು.

ಆಚೆ ಬದಿಯ ಬಯಲಿನಲ್ಲಿ ಕುರಿ ಹಟ್ಟಿ ಇತ್ತು. ಸಾಕಷ್ಟು ದೊಡ್ಡ ಹಿಂಡು, ಲಸಿಕೆ ಹಾಕಬೇಕಿತ್ತು. ಡ್ರೈವರ್ ಗಾಡಿಯಿಂದ ಪೆಟ್ಟಿಗೆ ಇಳಿಸುತ್ತಿದ್ದ, ಡಾಕ್ಟರ್ ಸೂಜಿ ಹಿಡಿದು ನಿಂತರು. ಖಾಲಿ ಕೈಯಲ್ಲಿ ನಿಂತಿದ್ದವನು ನಾನೊಬ್ಬನೇ. ಒಂದು ಕುರಿಯನ್ನು ಕುತ್ತಿಗೆಗೆ ಕೈ ಹಾಕಿ ಹಿಡಿದೆ. ಅದು ನನ್ನನ್ನೇ ಎಳೆದುಕೊಂಡು ಹೋಯಿತು.

ಹಟ್ಟಿಯ ಮುದುಕಿ ಕಂಬಳಿ ಬಿಸಾಕಿ ಬಂದಳು. "ಯಪ್ಪಾ, ಅದನ್ನ ಹಂಗ ಹಿಡೀತಾರೇನು? ಕುತ್ತಿಗಿ ಮುರೀತೀ ಏನು ಅದರದ್ದು? ಬಿಡು, ಬಿಡು." ಕುರಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಗದ್ದದ ಕೆಳಗೆ ಒಂದು ಕೈ ಕೊಟ್ಟು, ಮೊಣಕಾಲಿನಿಂದ ಪಕ್ಕೆಗೆ ಒತ್ತಿ ನಿಂತಳು. ಕುರಿ ಕಲ್ಲಿನಂತೆ ನಿಂತಿತು. ಡಾಕ್ಟರ್ ಚುಚ್ಚಿದರು. ಮುದುಕಿ ಮುಂದಿನದನ್ನು ಹಿಡಿದಳು.

"ನಿಂಗ ಏನು ಕೆಲಸ ಬರ್ತದ?" ಎಂದು ನನ್ನ ಕಡೆ ನೋಡದೆಯೇ ಕೇಳಿದಳು.

"ಹೌಸಿಂಗ್," ಅಂದೆ.

"ಹಂಗಂದ್ರ?"

ಗಾಡಿಯ ಹೊಟ್ಟೆಯ ಕಡೆಗೆ ಬೆರಳು ತೋರಿಸಿದೆ. ಆಕೆ ಬಗ್ಗಿ ಸಹ ನೋಡಲಿಲ್ಲ.

"ಹಂಗಾದ್ರ ಅಲ್ಲೇ ಹೋಗಿ ಕುಂದ್ರು," ಅಂದಳು.

ಹೋಗಿ ಕೂತೆ.